86 ಇಂಚಿನ ಪ್ಯಾನೆಲ್, ಪಕ್ಕದಲ್ಲೊಂದು ಫೂಟ್‌ಪಟ್ಟಿ

ಚಿಕ್ಕ ಪರದೆಯನ್ನೇ ಹಿಗ್ಗಿಸಿದರೆ ದೊಡ್ಡ ಪರದೆ ಆಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅದಕ್ಕೆ ಸಾಫ್ಟ್‌ವೇರ್ ಮಾಡುವವರೂ ನಂಬಿದ್ದಾರೆ ಅನ್ನೋದು ನನ್ನ ತಕರಾರು. ನಮ್ಮ ಧಾರವಾಡದ ಕಡೆ ಶಾಲೆಗೆ ಟಚ್ ಪ್ಯಾನೆಲ್, ಅಂದ್ರೆ ಮುಟ್ಟಿ ಬರೆಯುವ ದೊಡ್ಡ ಪರದೆ, ತರುವಾಗ ಎಲ್ಲರೂ ಕೇಳುವುದು ಒಂದೇ: "ಎಷ್ಟ್ ಇಂಚಿಂದ್ರೀ?" ಬಟನ್ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ.

ಮೂಲೆಯಿಂದ ಮೂಲೆಗೆ 86 ಇಂಚಿನದನ್ನೇ ತಗೊಳ್ಳಿ. ಅಗಲ ಸುಮಾರು 190 ಸೆಂಟಿಮೀಟರ್, ಎತ್ತರ 107. ನೆಲದಿಂದ ಮೂರಡಿ ಮೇಲೆ ಕೂರಿಸಿದರೆ ಅದರ ಮೇಲಂಚು ಆರೂವರೆ ಅಡಿ ಮುಟ್ಟುತ್ತದೆ. ಪುಟ ಮುಚ್ಚುವ ಬಟನ್ ಇರುವುದು ಅಲ್ಲೇ, ಬಲ ಮೂಲೆಯಲ್ಲಿ. ಐದನೇ ಕ್ಲಾಸಿನ ಹುಡುಗಿ ಜಿಗಿದರೂ ಸಿಗಲ್ಲ. ನಾನು ನೋಡಿದ ಒಂದು ಶಾಲೆಯಲ್ಲಿ ಅದಕ್ಕಂತಲೇ ಗೋಡೆಗೆ ಮೊಳೆ ಹೊಡೆದು ಫೂಟ್‌ಪಟ್ಟಿ ತೂಗುಹಾಕಿದ್ದರು.

ಫೂಟ್‌ಪಟ್ಟಿಯಿಂದ ಒತ್ತಿದರೂ ಕೆಲಸ ನಡೆಯುತ್ತದೆ. ಯಾಕಂದ್ರೆ ಇಂಥ ಬಹಳಷ್ಟು ಪ್ಯಾನೆಲ್‌ಗಳ ಚೌಕಟ್ಟಿನಿಂದ ಪರದೆಯ ಮೇಲೆ ಅಡ್ಡಡ್ಡ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹರಿಯುತ್ತಿರುತ್ತದೆ. ಅದಕ್ಕೆ ಅಡ್ಡ ಬಂದದ್ದೆಲ್ಲ ಬೆರಳೇ. ಫೂಟ್‌ಪಟ್ಟಿಯೂ ಬೆರಳು, ಪಾಠ ಮಾಡುವ ಅಕ್ಕೋರ ಸೆರಗೂ ಬೆರಳು! ಭಾಗಾಕಾರ ಬಿಡಿಸುವಾಗ ಸೆರಗು ತಾಗಿ ಉತ್ತರದ ಮೇಲೇ ಉದ್ದಕ್ಕೆ ಗೀಟು ಬಿತ್ತು. "ಇದರ ಮುಂದ ಸೆರಗ ಸಿಗಸ್ಕೊಂಡ ನಿಂದ್ರಬೇಕ್ ನೋಡ್ರಿ ಸರ" ಅಂದರು ಅಕ್ಕೋರು. ಹುಡುಗರು ನಕ್ಕರು. ನನಗೆ ಸಿಟ್ಟು ಬಂತು, ಅಕ್ಕೋರ ಮೇಲಲ್ಲ.

ಬಟನ್ನನ್ನು ಮೂಲೆಗೆ ಹಾಕುವ ಈ ಚಟ ಮೌಸ್ ಕಾಲದ್ದು. ಗುರಿ ದೂರ ಇದ್ದಷ್ಟೂ, ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೊತ್ತು ಜಾಸ್ತಿ ಹಿಡಿಯುತ್ತದೆ ಎಂದು ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಕಂಪ್ಯೂಟರಿನಲ್ಲಿ ಮೂಲೆ ದೂರವಾದರೂ ಸುಲಭ. ಮೌಸನ್ನು ಎಷ್ಟು ಜೋರಾಗಿ ತಳ್ಳಿದರೂ ಬಾಣ ಅಂಚಿಗೆ ಬಂದು ತಾನೇ ನಿಲ್ಲುತ್ತದೆ. ಕೈಗೆ ಅಂಥ ತಡೆ ಎಲ್ಲಿದೆ? ಗೋಡೆ ಮೇಲಿನ ಪರದೆಗೆ ಮೂಲೆ ಅಂದ್ರೆ ಸುಮ್ನೆ ಎಲ್ಲಕ್ಕಿಂತ ದೂರದ ಜಾಗ. ಎಡಕ್ಕೆ ನಿಂತು ಬರೆಯುತ್ತಿದ್ದವರು ಬಲಕ್ಕೆ ನಡೆಯಬೇಕು. ನಡೆಯುವಾಗ ಅವರ ಮೈಯೇ ಅಡ್ಡ, ಹುಡುಗರಿಗೆ ಪಾಠ ಕಾಣಲ್ಲ.

ಬಟನ್ ಇದ್ದಲ್ಲಿಗೆ ನಾವು ಹೋಗುವುದಲ್ಲ, ನಾವಿದ್ದಲ್ಲಿಗೆ ಅದು ಬರಬೇಕು. ಹೊಸ ಮಾತೇನಲ್ಲ ಇದು. 2003ರಲ್ಲಿ ಪ್ಯಾಟ್ರಿಕ್ ಬೌಡಿಶ್ ಎಂಬ ಕಂಪ್ಯೂಟರ್ ಸಂಶೋಧಕರು ಮತ್ತು ಜೊತೆಗಾರರು 'ಡ್ರ್ಯಾಗ್ ಅಂಡ್ ಪಾಪ್' ಅಂತ ಒಂದು ಉಪಾಯ ತೋರಿಸಿದರು. ಫೈಲನ್ನು ಎಳೆಯಲು ಶುರು ಮಾಡಿದ ಕೂಡಲೇ, ಅದನ್ನು ಹಾಕಬಹುದಾದ ದೂರದ ಐಕಾನ್‌ಗಳ ನಕಲು ಹತ್ತಿರಕ್ಕೆ ಬಂದು ನಿಲ್ಲುತ್ತವೆ. ಅಷ್ಟೆಲ್ಲ ಬೇಡ, ಬೆರಳು ಒತ್ತಿ ಹಿಡಿದಲ್ಲೇ ಮೆನು ತೆರೆದರೂ ನಮ್ಮ ಶಾಲೆಗಳಿಗೆ ಸಾಕು.

ಅಕ್ಷರದ್ದು ಇನ್ನೊಂದು ಗೋಳು. ಕೊನೆಯ ಬೆಂಚು ಏಳು ಮೀಟರ್ ದೂರ ಇದ್ದರೆ, ಸರಿಯಾಗಿ ಕಾಣುವ ಕಣ್ಣಿಗೂ ಒಂದು ಸೆಂಟಿಮೀಟರ್ ಎತ್ತರದ ಅಕ್ಷರವೇ ಕೊನೆಯ ಗಡಿ. ಆರಾಮಾಗಿ ಓದಲು ಅದರ ಎರಡರಷ್ಟಾದರೂ ಬೇಕು. ಕನ್ನಡಕ್ಕೆ ಇನ್ನೂ ಜಾಸ್ತಿ, 'ರಾಷ್ಟ್ರ'ದ ಒತ್ತುಗಳು ಮೇಲಿನ ಅಕ್ಷರಕ್ಕಿಂತ ಸಣ್ಣವು ಅಲ್ವಾ? ಎಷ್ಟೋ ಕಡೆ ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಂತ ಅಳೆದು ಮಾಡಿದ ಮೆನುವಿನ ಸಾಲಿನಲ್ಲಿ ಆ ಒತ್ತುಗಳ ಕಾಲೇ ಮುರಿದಿರುತ್ತದೆ.

ಎಸ್‌ಡಿಎಂಸಿಯಲ್ಲಿ, ಅಂದ್ರೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಲ್ಲಿ, ಇರುವ ಗೆಳೆಯರೇ, ಡೆಮೊ ತೋರಿಸಲು ಬಂದವರಿಗೆ ಚಹಾ ಕೊಟ್ಟು ಕೂರಿಸಿ. ಪ್ಯಾಂಟು ಶರ್ಟಿನ ಎತ್ತರದ ಆಸಾಮಿ ಬರೆದರೆ ಯಾವ ಪ್ಯಾನೆಲ್ ಆದರೂ ಚಂದವೇ. ಸೀರೆ ಉಟ್ಟ ಅಕ್ಕೋರು ಬರೆಯಲಿ, ಎಲ್ಲರಿಗಿಂತ ಗಿಡ್ಡ ಇರುವ ಹುಡುಗ ಪುಟ ಮುಚ್ಚಲಿ, ನೀವು ಕೊನೆಯ ಬೆಂಚಿನಲ್ಲಿ ಕೂತು ಓದಿ. ಚೌಕಾಸಿ ಆಮೇಲೆ.