ತವರಿನ ಪಂದ್ಯಕ್ಕೆ ಪಾಸ್‌ಪೋರ್ಟ್ ಮರೆಯದಿರಿ

2025ರ ಸೆಪ್ಟೆಂಬರ್ 5ರ ಫುಟ್‌ಬಾಲ್ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಲೆಸೊಥೊ ಆತಿಥೇಯ, ದಕ್ಷಿಣ ಆಫ್ರಿಕ ಅತಿಥಿ. ಲೆಸೊಥೊದ ಸ್ವಂತ ಮೈದಾನಕ್ಕೆ ಒಪ್ಪಿಗೆ ಸಿಗದ್ದರಿಂದ ಪಂದ್ಯ ಬ್ಲೂಮ್‌ಫಾಂಟೈನ್‌ನಲ್ಲಿ, ಅಂದರೆ ಅತಿಥಿಯ ಮನೆಯಲ್ಲೇ. ಗಂಡಿನ ಕಡೆಯವರ ಊರಲ್ಲಿ ಛತ್ರ ಹಿಡಿದು, ಹೆಣ್ಣಿನ ಕಡೆಯವರು ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸಿದ ಹಾಗೆ. ಲೆಸೊಥೊ ರಾಜಧಾನಿ ಮಸೇರುವಿನ ಅಭಿಮಾನಿ ಗಡಿಯ ಸೇತುವೆ ದಾಟಿ, ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು, ಸುಮಾರು 150 ಕಿಲೋಮೀಟರ್ ಹೋದರೆ ‘ತವರು’ ಸಿಗುತ್ತದೆ. ಉಡುಗೊರೆಯಾಗಿ ಅತಿಥಿಗಳು ಮೂರು ಗೋಲು ಹೊಡೆದು ಹೋದರು.

ಜಿಂಬಾಬ್ವೆಯದೂ ಇದೇ ಪಾಡು. ಹರಾರೆಯಲ್ಲಿ 60,000 ಜನ ಹಿಡಿಸುವ ಕ್ರೀಡಾಂಗಣವಿದೆ. ಈ ಅರ್ಹತಾ ಪಂದ್ಯಗಳ ಹೊತ್ತಿಗೆ ಇಲ್ಲದ್ದು ಬಿಡಿ ಕುರ್ಚಿ. ಆಫ್ರಿಕ ಫುಟ್‌ಬಾಲ್ ಒಕ್ಕೂಟದ ತಪಾಸಕರು ಬಂದು ಬಿಡಿ ಬಿಡಿ ಬಕೆಟ್ ಸೀಟು, ಎಲೆಕ್ಟ್ರಾನಿಕ್ ಗೇಟು ಇವೆಯೇ ಎಂದು ನೋಡುತ್ತಾರೆ; ಇಲ್ಲದಿದ್ದರೆ ಅಲ್ಲಿ ಪಂದ್ಯಕ್ಕೆ ಒಪ್ಪಿಗೆಯಿಲ್ಲ. ಕೇಳುವುದರಲ್ಲಿ ತಪ್ಪಿಲ್ಲ: ಸಿಮೆಂಟು ಮೆಟ್ಟಿಲ ಮೇಲೆ ‘ಸ್ವಲ್ಪ ಸರ್ಕೊಳ್ಳಿ’ ಎಂದು ಎಷ್ಟು ಜನರನ್ನಾದರೂ ತುರುಕಬಹುದು, ನೂಕುನುಗ್ಗಲಾದಾಗ ಒಳಗೆ ಎಷ್ಟು ಮಂದಿ ಇದ್ದಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಸೀಟಿಗೊಂದು ನಂಬರು, ನಂಬರಿಗೊಂದು ಟಿಕೆಟು, ಗೇಟಿನಲ್ಲಿ ಎಣಿಕೆ ಎಂದಾದರೆ ಲೆಕ್ಕ ಸಿಗುತ್ತದೆ.

ತಮಾಷೆ ಇರುವುದು ಸ್ಕ್ರೂಡ್ರೈವರ್ ಯಾರ ಕೈಯಲ್ಲಿದೆ ಎಂಬಲ್ಲಿ. ಕ್ರೀಡಾಂಗಣ ಸರ್ಕಾರದ್ದು, ಶಿಕ್ಷೆ ಫುಟ್‌ಬಾಲ್ ಸಂಸ್ಥೆಗೆ. ಸರ್ಕಾರ ಫುಟ್‌ಬಾಲಿನಲ್ಲಿ ಕೈಯಾಡಿಸಿತೆಂದು ಫಿಫಾ 2022ರಲ್ಲಿ ಜಿಂಬಾಬ್ವೆಯನ್ನೇ ಅಮಾನತು ಮಾಡಿತ್ತು. 2023ರ ಜುಲೈವರೆಗೆ ಬಿಡಲಿಲ್ಲ. ಕೈಯಾಡಿಸಿದರೆ ಆಟವಿಲ್ಲ, ಕೈಯಾಡಿಸದಿದ್ದರೆ ಕುರ್ಚಿಯಿಲ್ಲ. ಕುರ್ಚಿ ಬರುವವರೆಗೆ ಪರದೇಶದ ಕುರ್ಚಿಗಳಿಗೆ ಬಾಡಿಗೆ. ಅಷ್ಟು ಬಾಡಿಗೆ ಕೊಟ್ಟರೂ ಅವುಗಳ ಮೇಲೆ ಕೂರಬೇಕಾದ ಜನ ಹರಾರೆಯಲ್ಲೇ ಟಿವಿ ಮುಂದೆ.

2023ರ ನವೆಂಬರ್‌ನಲ್ಲಿ ಜಿಂಬಾಬ್ವೆ ರುವಾಂಡಾದ ಹುಯೆಯಲ್ಲಿ ಅತಿಥಿಯಾಗಿ ಆಡಿ, ನಾಲ್ಕೇ ದಿನಕ್ಕೆ ಅದೇ ಮೈದಾನದಲ್ಲಿ ನೈಜೀರಿಯಾಕ್ಕೆ ಆತಿಥೇಯನಾಯಿತು. ನಡುವೆ ಬದಲಾದದ್ದು ಬೋರ್ಡಿನಲ್ಲಿ ಹೆಸರು ಬರೆಯುವ ಕ್ರಮ. ಅರ್ಹತಾ ಸುತ್ತಿನಲ್ಲಿ ಇವರೆಲ್ಲ ಇದ್ದ ಸಿ ಗುಂಪಿನಲ್ಲೇ ಬೆನಿನ್ ಕೂಡ ಇತ್ತು. ಅದರ ‘ತವರು’ ಆಗ ಐವರಿ ಕೋಸ್ಟ್‌ನ ಅಬಿಜಾನ್. ಆರು ತಂಡಗಳಲ್ಲಿ ಮೂರು ಬಾಡಿಗೆದಾರರು!

ಇಬ್ಬರು ಬಾಡಿಗೆದಾರರೇ ಎದುರಾದದ್ದೂ ಉಂಟು. 2024ರ ಜೂನ್ 7, ಜೋಹಾನ್ಸ್‌ಬರ್ಗ್‌ನ ಒರ್ಲ್ಯಾಂಡೊ ಕ್ರೀಡಾಂಗಣ. ಆತಿಥೇಯ ಜಿಂಬಾಬ್ವೆ, ಅತಿಥಿ ಲೆಸೊಥೊ. ಅತಿಥಿಗೇ 2-0 ಗೆಲುವು. ಜೂನ್ 11ಕ್ಕೆ ಪಾತ್ರ ಅದಲುಬದಲು: ಲೆಸೊಥೊ ಡರ್ಬನ್‌ನಲ್ಲಿ ರುವಾಂಡಾಕ್ಕೆ ಆತಿಥೇಯ, ಜಿಂಬಾಬ್ವೆ ಬ್ಲೂಮ್‌ಫಾಂಟೈನ್‌ನಲ್ಲಿ ದಕ್ಷಿಣ ಆಫ್ರಿಕಕ್ಕೆ ಅತಿಥಿ. ಮನೆಮಾಲೀಕ ಆ ದಿನ ತನ್ನದೇ ಮನೆಯಲ್ಲಿ ಆಡಿ 3-1ರಿಂದ ಗೆದ್ದ.