ಬೆಕ್ಕಿಗೂ ಥೈರಾಯ್ಡಾ?

ರಾಯಚೂರಿನ ಬೇಸಿಗೆಯಲ್ಲಿ ಒಂದು ಅನುಕೂಲ ಇದೆ. ಯಾರಿಗೆ ಏನೇ ಆಗಲಿ, ಬಿಸಿಲಿನ ಮೇಲೆ ಹಾಕಿ ಸುಮ್ಮನಾಗಬಹುದು. ಗಂಡ ಸಿಡುಕಿದರೆ ಬಿಸಿಲು. ಮಗಳು ಪುಸ್ತಕ ಮುಟ್ಟದಿದ್ದರೆ ಬಿಸಿಲು. ಅತ್ತೆ ಸೀರಿಯಲ್ ನೋಡುತ್ತಾ ಕಣ್ಣೊರೆಸಿಕೊಂಡರೆ ಅದೂ ಬಿಸಿಲೇ. ಪಾರಾ 42 ದಾಟಿದ ಮೇಲೆ ಈ ಊರಲ್ಲಿ ಯಾರನ್ನೂ ಯಾವುದಕ್ಕೂ ಹೊಣೆ ಮಾಡುವ ಹಾಗಿಲ್ಲ. ಹಾಗಾಗಿ ನಮ್ಮ ಬೆಕ್ಕು ಸೋನಾ 14ನೇ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಬೇರೆಯೇ ಬೆಕ್ಕಾದಾಗ ಮನೆಮಂದಿಯೆಲ್ಲ ಹೇಳಿದ್ದು ಒಂದೇ ಮಾತು. "ಬಿಸಿಲಿಗೆ ಹಂಗ ಆಗ್ತಾದ ಬಿಡು."

ಸೋನಾ ಗಂಜ್‌ನವಳು. ಅಕ್ಕಿ ಮೂಟೆಗಳ ಸಂದಿಯಲ್ಲಿ ಹುಟ್ಟಿದವಳು. ನಮ್ಮವರು ಸೋನಾ ಮಸೂರಿ ತರಲು ಹೋಗಿ ಚೀಲದ ಜೊತೆ ಇವಳನ್ನೂ ತಂದರು. ಸ್ವಭಾವದಲ್ಲಿ ಥೇಟ್ ರಿಟೈರ್ಡ್ ತಹಸೀಲ್ದಾರ್. ಬೆಳಿಗ್ಗೆ ಕಟ್ಟೆ, ಮಧ್ಯಾಹ್ನ ಕೂಲರ್ ಮುಂದೆ, ಸಂಜೆ ಕಾಂಪೌಂಡ್ ಮೇಲೆ. ಯಾರ ಜೊತೆಗೂ ಜಾಸ್ತಿ ಮಾತಿಲ್ಲ.

ಇಂಥವಳು ರಾತ್ರಿ ಮೂರು ಗಂಟೆಗೆ ಗೋಡೆ ನೋಡುತ್ತಾ ಕೂಗತೊಡಗಿದಳು. ಅದು ಮಿಯಾಂವ್ ಅಲ್ಲ. ಹೊಟ್ಟೆಯಾಳದಿಂದ ಎದ್ದು ಬರುವ ಉದ್ದನೆಯ "ಆಂ...ವ್". ಗೋಡೆಯಲ್ಲಿ ಏನೂ ಇರಲಿಲ್ಲ. ನಾನು ಎದ್ದು ಟಾರ್ಚ್ ಹಾಕಿ ನೋಡಿದೆ, ಹಲ್ಲಿ ಕೂಡ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಓಣಿ ತುಂಬ ಸುದ್ದಿ. ಮೂಲೆಮನೆಯ ಕಾಕಾ ಗೇಟಿನ ಹೊರಗೇ ನಿಂತು, "ಬೆಕ್ಕು ಅತ್ತರ ಕೇಡು ನೋಡ್ರಿ" ಅಂತ ಹೇಳಿ ಹೋದರು. ಅವರು ಹೇಳಿದ ಧಾಟಿ ನೋಡಿದರೆ ಕೇಡು ಯಾರ ಮನೆಗೆ ಅನ್ನುವುದು ಆಗಲೇ ತೀರ್ಮಾನ ಆದ ಹಾಗಿತ್ತು.

ಅತ್ತೆ ಉಪ್ಪು, ಒಣಮೆಣಸಿನಕಾಯಿ ತಂದು ಸೋನಾಳಿಗೆ ದೃಷ್ಟಿ ತೆಗೆದರು. ಗ್ಯಾಸ್ ಒಲೆಗೆ ಹಿಡಿದದ್ದೇ ತಡ, ಮನೆಯಲ್ಲಿದ್ದವರೆಲ್ಲ ಕೆಮ್ಮಿ ಕೆಮ್ಮಿ ಹೊರಗೆ ಓಡಿದೆವು. "ಘಾಟು ಬಂತಂದ್ರ ದೃಷ್ಟಿ ಆಗಿಲ್ಲ" ಅಂತ ಅತ್ತೆ ಒಳಗಿನಿಂದಲೇ ಕೂಗಿ ಹೇಳಿದರು. ರೋಗ ಪತ್ತೆ ಮಾಡುವ ಕೆಲಸದಲ್ಲಿ ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಒಂದು ಕಾರಣ ಪಟ್ಟಿಯಿಂದ ಹೋಯಿತಲ್ವಾ?

ಆಮೇಲೆ ಕಳ್ಳ ಬಂದ. ಕರೆಂಟ್ ಹೋಗಿದ್ದ ರಾತ್ರಿ. ಅಡುಗೆಮನೆಯಿಂದ ಕಟ್, ಕಟ್, ಕಟ್ ಅಂತ ಸದ್ದು. ಯಾರೋ ಕಿಟಕಿಯ ಸರಳು ಮುರಿಯುತ್ತಿರಬೇಕು. ನಮ್ಮವರು ಕ್ರಿಕೆಟ್ ಬ್ಯಾಟ್ ಹಿಡಿದರು, ನಾನು ಲಟ್ಟಣಿಗೆ ಹುಡುಕಿದೆ, ಅದು ಅಡುಗೆಮನೆಯಲ್ಲೇ ಇತ್ತು. ಮಗಳು ಮೊಬೈಲ್ ಬೆಳಕು ಬಿಟ್ಟಳು. ಬಿದಿರಿನ ಬುಟ್ಟಿಯ ಮುಚ್ಚಳ ಕೆಳಗೆ ಬಿದ್ದಿತ್ತು. ಒಳಗಿದ್ದ ಖಡಕ್ ರೊಟ್ಟಿಯೊಂದನ್ನು ನೆಲಕ್ಕೆ ಎಳೆದು, ಮುಂಗಾಲಿನಿಂದ ಒತ್ತಿ ಹಿಡಿದು, ತಲೆ ಓರೆ ಮಾಡಿ ಹಿಂದಲ್ಲಿನಿಂದ ಕಡಿಯುತ್ತಿದ್ದಳು ಸೋನಾ. ಮೀಸೆಗೆಲ್ಲ ಎಳ್ಳು ಅಂಟಿತ್ತು. ಬೆಳಕು ಬಿದ್ದರೂ ಬಿಡಲಿಲ್ಲ. ನಮ್ಮನ್ನು ನೋಡಿ ಗುರ್ ಅಂದು ಮತ್ತೆ ಕಡಿದಳು. ಹಾಲು ಅನ್ನವನ್ನು ಕೂಡ ಮೂರು ಸಲ ಮೂಸಿ, ನಮ್ಮ ಮೇಲೆ ಉಪಕಾರ ಮಾಡಿದ ಹಾಗೆ ತಿನ್ನುತ್ತಿದ್ದವಳು ಇವಳೇನಾ ಅನ್ನಿಸಿತು. ವಾರ ಕಳೆಯುವುದರೊಳಗೆ ಮಂಡಾಳು ಒಗ್ಗರಣೆಗೂ ಬಾಯಿ ಹಾಕಿದಳು. ಮಿರ್ಚಿ ಒಂದನ್ನು ಬಿಟ್ಟಳು, ಅಷ್ಟೇ.

ಹೆಲ್ಮೆಟ್ ವಿಷಯ ಬರೆಯಬೇಡ ಅಂತ ನಮ್ಮವರು ಹೇಳಿದ್ದಾರೆ. ಹಾಗಾಗಿ ಸ್ವಲ್ಪವೇ ಬರೆಯುತ್ತೇನೆ. ಅವರು ಹೆಲ್ಮೆಟ್ ಅನ್ನು ಸೋಫಾ ಪಕ್ಕದಲ್ಲಿ ಬೋರಲಾಗಿ ಇಡುವುದಿಲ್ಲ, ಅಂಗಾತ ಇಡುತ್ತಾರೆ. ಒಳಗೊಂದು ಕರ್ಚೀಫು. ರಾತ್ರಿ ಹಿತ್ತಲ ಬಾಗಿಲು ಹಾಕಿರುತ್ತದೆ. ಬೆಕ್ಕಿನ ಕಣ್ಣಿಂದ ನೋಡಿದರೆ ಅಷ್ಟು ಮೆತ್ತನೆಯ, ಅಷ್ಟು ಮರೆಯ ಜಾಗ ಇಡೀ ಮನೆಯಲ್ಲಿ ಇನ್ನೆಲ್ಲಿದೆ? ಬೆಳಿಗ್ಗೆ ಆಫೀಸಿಗೆ ತಡವಾಗಿತ್ತು. ಅವಸರದಲ್ಲಿ ತಲೆಗೇರಿಸಿ, ಪಟ್ಟಿ ಬಿಗಿದು, ಗೇಟಿನ ತನಕ ಹೋದರು. ಅಲ್ಲೇ ನಿಂತರು. ಕನ್ನಡಕದ ಮೇಲೆ ಒಂದು ಹನಿ ಇಳಿಯಿತು. ಅವರು ಬೆವರು ಅಂದುಕೊಂಡರಂತೆ. ಅಲ್ಲೂ ಬಿಸಿಲು ನೋಡಿ.

"ಇದು ಬೇಕಂತಲೇ ಮಾಡ್ಯಾದ. ನಿನ್ನೆ ಬೈದಿದ್ನಲ್ಲ, ಅದರ ಸೇಡು" ಅಂದರು. ಮಗಳು ಒಪ್ಪಲಿಲ್ಲ. ಅವಳ ಪ್ರಕಾರ ಸೋನಾಳಿಗೆ ಡಿಪ್ರೆಶನ್, ಮನೆಯಲ್ಲಿ ಯಾರೂ ಅವಳ ಮಾತು ಕೇಳುವುದಿಲ್ಲ, ಅವಳಿಗೆ ಸ್ಪೇಸ್ ಬೇಕು. ಅತ್ತೆಯ ಪ್ರಕಾರ ವಯಸ್ಸಾದವರನ್ನು ಯಾರೂ ಮಾತಾಡಿಸುವುದಿಲ್ಲ, ಅದಕ್ಕೇ ರಾತ್ರಿ ಎದ್ದು ಗೋಡೆ ಜೊತೆ ಮಾತಾಡುತ್ತಾಳೆ. ನಾನು ಎಲ್ಲರ ಮಾತೂ ಕೇಳಿದೆ. ಯಾರೂ ಬೆಕ್ಕಿನ ಬಗ್ಗೆ ಹೇಳುತ್ತಿಲ್ಲ ಅನ್ನುವುದು ಚೆನ್ನಾಗಿ ಗೊತ್ತಾಯಿತು.

ನೀರಿನ ವಿಷಯ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಸೋನಾ ತನ್ನ ಬಟ್ಟಲು ಬಿಟ್ಟು ಕೂಲರ್ ತೊಟ್ಟಿಗೆ ಬಾಯಿ ಹಚ್ಚಿ ಕುಡಿಯುತ್ತಿದ್ದಳು, ಬಕೆಟ್ ಅಂಚಿಗೆ ನಿಂತು ಕುಡಿಯುತ್ತಿದ್ದಳು. ಆದರೆ ಮೇ ತಿಂಗಳ ರಾಯಚೂರಲ್ಲಿ ನೀರು ಕುಡಿಯುವುದನ್ನು ಯಾರು ರೋಗ ಅಂತಾರೆ? ಇಲ್ಲಿ ಕುಡಿಯದವರನ್ನು ಆಸ್ಪತ್ರೆಗೆ ಸೇರಿಸುತ್ತಾರೆ.

ಕೊನೆಗೆ ಗುಟ್ಟು ರಟ್ಟಾಗಿದ್ದು ಕಾಂಪೌಂಡ್ ಗೋಡೆಯ ಹತ್ತಿರ. ಪಕ್ಕದ ಮನೆಯ ಖಾಲಾ ಬಟ್ಟೆ ಒಣಗಿಸುತ್ತಾ ಕೇಳಿದರು, "ನಮ್ಮ ರಾಣಿ ಯಾಕಮ್ಮಾ ಇಷ್ಟು ಸೊರಗ್ಯಾಳ? ನೀವೇನರ ನೋಡೀರೇನು?"

"ಯಾವ ರಾಣಿ?"

ಗೋಡೆ ಮೇಲೆ ಕೂತಿದ್ದ ಸೋನಾ ನನ್ನ ಮುಖ ನೋಡಲಿಲ್ಲ. ಬಾಲ ನೆಕ್ಕುತ್ತಾ ಕೂತಳು.

ವರ್ಷಗಳಿಂದ ಅವಳಿಗೆ ಅಲ್ಲೊಂದು ಸಂಸಾರ ಇತ್ತು. ನಮ್ಮಲ್ಲಿ ಹಾಲು ಅನ್ನ, ಅಲ್ಲಿ ಕೋಳಿ. ನಮ್ಮದು ಶುದ್ಧ ಸಸ್ಯಾಹಾರಿ ಮನೆ. ನಮ್ಮ ಬೆಕ್ಕು ಮೊಟ್ಟೆ ಕೂಡ ಮುಟ್ಟುವುದಿಲ್ಲ ಅಂತ ಅತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದರು. ಈ ಸುದ್ದಿ ಕೇಳಿ ಒಂದು ಹೊತ್ತು ಸೋನಾಳನ್ನು ಮಾತಾಡಿಸಲಿಲ್ಲ. ನಿಜ ಹೇಳಬೇಕೆಂದರೆ ಅವಳನ್ನು ಇಷ್ಟು ವರ್ಷ ಉಳಿಸಿದ್ದು ಖಾಲಾನ ಕೋಳಿಯೇ. ಬೆಕ್ಕಿಗೆ ಟೌರಿನ್ ಅಂತ ಒಂದು ಅಂಶ ಬೇಕೇ ಬೇಕು, ಅದು ಸಿಗುವುದು ಮಾಂಸ ಮೀನಿನಲ್ಲಿ. ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಸರಿಯಾಗಿ ಅರಗುವುದೂ ಇಲ್ಲ.

ಎರಡು ಮನೆ ಇದ್ದದ್ದೇ ಈಗ ತೊಡಕಾಗಿತ್ತು. ನಮ್ಮಲ್ಲಿ ಗಬಗಬ ತಿನ್ನುವುದು ಖಾಲಾಗೆ ಗೊತ್ತಿರಲಿಲ್ಲ, ಅಲ್ಲಿ ಗಬಗಬ ತಿನ್ನುವುದು ನಮಗೆ ಗೊತ್ತಿರಲಿಲ್ಲ. ಹೋಲಿಸಿ ನೋಡಿದಾಗ ಗೊತ್ತಾಯಿತು, ಎರಡೂ ಕಡೆ ಎರಡೆರಡು ಪಾಲು ಹೊಡೆದೂ ಬೆನ್ನುಮೂಳೆ ಎಣಿಸುವ ಹಾಗಿದೆ. ಮಗಳು ದೀಪಾವಳಿಯಲ್ಲಿ ಸೋನಾಳನ್ನು ಎತ್ತಿಕೊಂಡು ತೂಕದ ಮಷಿನ್ ಮೇಲೆ ನಿಂತು, ಆಮೇಲೆ ಒಬ್ಬಳೇ ನಿಂತು, ಕಳೆದು ಲೆಕ್ಕ ಹಾಕಿದ್ದಳು. ಆಗ 4 ಕಿಲೋ ಇತ್ತು. ಈಗ ಅದೇ ರೀತಿ ಮಾಡಿದರೆ 3 ಕಿಲೋಗೂ ಕಡಿಮೆ. ಇದಕ್ಕೆ ಬಿಸಿಲು ಅನ್ನಲು ನಮ್ಮವರಿಗೂ ಬಾಯಿ ಬರಲಿಲ್ಲ. ಜ್ವರ ಇದ್ದರೂ ಇರಬಹುದು, ಪ್ಯಾರಾಸಿಟಮಾಲ್ ಕಾಲು ಚೂರು ಕೊಡೋಣ ಅಂದರು. ಸದ್ಯ, ಮಗಳು ಮಾತ್ರೆ ಕಸಿದುಕೊಂಡಳು. ಬೆಕ್ಕಿನ ಲಿವರ್‌ಗೆ ಆ ಮಾತ್ರೆಯನ್ನು ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ನಮಗೆ ತಲೆನೋವು ಇಳಿಸುವ ಒಂದೇ ಒಂದು ಮಾತ್ರೆ ಅದರ ಜೀವ ತೆಗೆಯಬಹುದು.

ಟೊಮೆಟೊ ಕ್ರೇಟ್ ಎರಡನ್ನು ಮುಖಾಮುಖಿ ಮಾಡಿ ಹಗ್ಗ ಕಟ್ಟಿ, ಒಳಗೆ ಸೋನಾಳನ್ನು ಕೂರಿಸಿ ಆಟೋ ಹತ್ತಿದೆವು. ತೀನ್ ಕಂದೀಲ್ ದಾಟುವ ತನಕ ಡ್ರೈವರ್ ಸುಮ್ಮನಿದ್ದ. ಆಮೇಲೆ ತಡೆಯಲಾರದೆ, "ಕೋಳಿ ಹಿಂಗ್ಯಾಕ ಕೂಗ್ತಾದ್ರೀ?" ಅಂದ.

ಪಶು ಆಸ್ಪತ್ರೆಯಲ್ಲಿ ಎರಡು ಎಮ್ಮೆ, ಒಂದು ಟಗರು, ಕಾಲು ಮುರಿದ ಮೇಕೆಮರಿ. ಬೆಕ್ಕು ನಮ್ಮದೊಂದೇ. ಟಗರಿನ ಯಜಮಾನ ನಮ್ಮನ್ನು ಕೆಲಸ ಇಲ್ಲದವರು ಅಂತ ನೋಡಿದ. ಡಾಕ್ಟರಮ್ಮ ಹುಡುಗಿ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬೇಕು. ಮೊದಲು ವಯಸ್ಸು ಕೇಳಿದರು. ಬೆಕ್ಕಿನ ಮೊದಲ ಎರಡು ವರ್ಷ ನಮ್ಮ 24ಕ್ಕೆ ಸಮ, ಆಮೇಲೆ ವರ್ಷಕ್ಕೆ ನಾಲ್ಕು ಅಂತ ಲೆಕ್ಕ ಹಾಕಿ, "ಅಜ್ಜಿಗೆ 72" ಅಂದರು. ಅತ್ತೆಗೂ 72. "ಅಂದ್ರ ನನ್ನ ವಾರಿಗೆಯಾಕಿ" ಅಂದ ಅತ್ತೆ ಕ್ರೇಟಿನ ಹತ್ತಿರಕ್ಕೆ ಸರಿದು ಕೂತರು. ಕೋಳಿಯ ಸಿಟ್ಟು ಅಲ್ಲಿಗೆ ಇಳಿಯಿತು.

ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಕಣ್ಣಿಗೆ ಟಾರ್ಚ್ ಬಿಟ್ಟರು, ಸೋನಾಳ ಗದ್ದ ಎತ್ತಿ ಎರಡು ಬೆರಳಲ್ಲಿ ಗಂಟಲಿನ ಅಕ್ಕಪಕ್ಕ ಮೆಲ್ಲಗೆ ಸವರಿದರು. ಒಂದು ಕಡೆ ಬೆರಳು ನಿಂತಿತು. ನನ್ನ ಬೆರಳನ್ನೂ ಅಲ್ಲಿಗೆ ತಂದು ಮುಟ್ಟಿಸಿದರು. ಚರ್ಮದ ಕೆಳಗೆ ಕಡಲೆಕಾಳಿನಷ್ಟು ಏನೋ ಜಾರಿತು. ರಕ್ತ ತೆಗೆದು ಹೈದರಾಬಾದಿಗೆ ಕಳಿಸಿದರು. ನಮ್ಮೂರಿಗೆ ಬೆಂಗಳೂರಿಗಿಂತ ಅದೇ ಹತ್ತಿರ ಅಲ್ವಾ. ರಿಪೋರ್ಟ್ ಬಂತು. ಥೈರಾಯ್ಡ್.

"ಬೆಕ್ಕಿಗೂ ಥೈರಾಯ್ಡಾ?" ಅಂದೆ. ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಇದು ಬಹಳ ಮಾಮೂಲಂತೆ. ಅಮೆರಿಕದಲ್ಲಿ ಡಾಕ್ಟರುಗಳು ಇದನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದ್ದೇ 1979ರಲ್ಲಿ. ಅದಕ್ಕೂ ಮುಂಚೆ ತಿಂದೂ ತಿಂದೂ ಸೊರಗಿ ಹೋದ ಮುದಿ ಬೆಕ್ಕುಗಳಿಗೆಲ್ಲ ಯಾರು ಯಾರು ಏನೇನು ಹೆಸರಿಟ್ಟಿದ್ದರೋ. ಗ್ರಂಥಿಯಲ್ಲಿ ಗಂಟು ಬೆಳೆದು ಹಾರ್ಮೋನ್ ಜಾಸ್ತಿಯಾಗುತ್ತದೆ. ಬಹುತೇಕ ಅದು ಕ್ಯಾನ್ಸರ್ ಅಲ್ಲ. ಆದರೆ ಮೈಯೊಳಗಿನ ಕೆಲಸವೆಲ್ಲ ಓಟಕ್ಕೆ ಬೀಳುತ್ತದೆ. ಹಸಿವು, ಬಾಯಾರಿಕೆ, ರಾತ್ರಿ ಕೂಗು, ಸಿಡುಕು, ಹೆಲ್ಮೆಟ್ ಎಲ್ಲದಕ್ಕೂ ಅದೊಂದೇ ಬೇರು. ಸೇಡು ಪಾಡು ಏನಿಲ್ಲ, ನೀರು ಜಾಸ್ತಿ ಕುಡಿದಿದ್ದಕ್ಕೆ ಮೂತ್ರ ತಡೆಯಲಾಗಿಲ್ಲ, ಬಾಗಿಲು ಹಾಕಿತ್ತು ಅಂದರು ಡಾಕ್ಟರಮ್ಮ. ನಮ್ಮವರು ಎಮ್ಮೆಯ ಕಡೆ ನೋಡಿದರು.

ಇವೇ ಲಕ್ಷಣ ಕಿಡ್ನಿ ರೋಗಕ್ಕೂ ಸಕ್ಕರೆ ಕಾಯಿಲೆಗೂ ಇರುತ್ತವೆ. ಬಿಪಿ ಏರಿ ರಾತ್ರೋರಾತ್ರಿ ಕಣ್ಣು ಹೋದ ಬೆಕ್ಕುಗಳೂ ಇವೆ. ಕಿವಿ ಮಂದವಾದರೂ ಕೂಗು ಜೋರಾಗುತ್ತದೆ, ಮುಪ್ಪಿನ ಮರೆವು ಬಂದರೂ ಗೋಡೆ ನೋಡುತ್ತಾ ನಿಲ್ಲುತ್ತವೆ. ಜಿಗಿಯುವುದನ್ನು ಬಿಟ್ಟ ಬೆಕ್ಕಿಗೆ ಸೋಮಾರಿತನ ಅಲ್ಲ, ಕೀಲುನೋವು ಇರಬಹುದು. ಬೆಕ್ಕು ತನ್ನ ನೋವನ್ನು ಬಚ್ಚಿಡುವ ಪ್ರಾಣಿ, ಅದಕ್ಕೇ ರಕ್ತ ನೋಡದೆ ಯಾರೂ ಏನೂ ಹೇಳಬಾರದು ಅಂದರು. ಮತ್ತೆ ಗಂಡು ಬೆಕ್ಕೇನಾದರೂ ಪದೇ ಪದೇ ಕೂತು ಮೂತ್ರ ಬಾರದೆ ಒದ್ದಾಡಿದರೆ ಮರುದಿನದ ತನಕ ಕಾಯಲೇಬೇಡಿ, ಆವತ್ತೇ ಕರೆತನ್ನಿ ಅಂತಲೂ ಸೇರಿಸಿದರು.

ಅತ್ತೆ ಆಗಲೇ ಬ್ಯಾಗಿನಿಂದ ತಮ್ಮ ಥೈರಾಯ್ಡ್ ಮಾತ್ರೆ ಡಬ್ಬಿ ತೆಗೆದಿದ್ದರು. "ರೊಕ್ಕ ಯಾಕ ಹಾಳು? ನಂದರಾಗ ಅರ್ಧ ಕೊಡ್ತೀನಿ." ಡಾಕ್ಟರಮ್ಮ ಕುರ್ಚಿಯಿಂದ ಎದ್ದೇ ಬಿಟ್ಟರು. ಅತ್ತೆಯದು ಕಡಿಮೆ ಥೈರಾಯ್ಡ್, ಸೋನಾಳದು ಜಾಸ್ತಿ. ಅತ್ತೆ ಮಾತ್ರೆ ಅವಳಿಗೆ ಬೆಂಕಿಗೆ ಎಣ್ಣೆ. ನಾಯಿಗಳಿಗೆ ಅತ್ತೆಯ ಹಾಗೆ ಕಡಿಮೆಯಾಗುತ್ತದೆ, ಬೆಕ್ಕುಗಳಿಗೆ ಜಾಸ್ತಿಯಾಗುತ್ತದೆ ಅಂತ ವಿವರಿಸಿದರು. ನಾಯಿಯ ಹೋಲಿಕೆ ಅತ್ತೆಗೆ ಸರಿ ಬರಲಿಲ್ಲ.

ಬರೆದುಕೊಟ್ಟದ್ದು ಕಾರ್ಬಿಮಜೋಲ್. ಮನುಷ್ಯರ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಅಂಗಡಿಯವನು ಹೆಸರು ಕೇಳಿದ, ಸೋನಾ ಅಂದೆ. ವಯಸ್ಸು 14 ಅಂದೆ. "ಪಾಪ, ಸಣ್ಣ ವಯಸ್ಸಿಗೇ" ಅಂತ ಮರುಗಿದ. ನಾನು ತಿದ್ದಲು ಹೋಗಲಿಲ್ಲ.

ಮಾತ್ರೆ ತಿನ್ನಿಸುವುದು ಬೇರೆಯೇ ಯುದ್ಧ. ಪುಡಿ ಮಾಡಬೇಡಿ, ಬಸುರಿಯರು ಮುಟ್ಟಬೇಡಿ ಅಂತ ಡಾಕ್ಟರಮ್ಮ ಹೇಳಿದ್ದರು. ಅತ್ತೆ ಪೇಡಾದಲ್ಲಿಟ್ಟರು. ಸೋನಾ ಪೇಡಾ ಮುಗಿಸಿ, ಮಾತ್ರೆಯನ್ನು ತೊಳೆದಿಟ್ಟ ಹಾಗೆ ತಟ್ಟೆಯ ಅಂಚಿಗೆ ಬಿಟ್ಟು ಹೋದಳು. ಖಾಲಾ ಕೋಳಿ ಕಲೇಜಿಯ ಚೂರಿನಲ್ಲಿ ಇಟ್ಟರು, ಒಂದೇ ಗುಟುಕಿಗೆ ಒಳಗೆ. ಹಾಗಾಗಿ ಈಗ ಮಾತ್ರೆಯ ಡಬ್ಬಿ ನಮ್ಮಲ್ಲಿ, ಕಲೇಜಿ ಅಲ್ಲಿ. ಎರಡು ಮನೆಯವರೂ ಕೊಟ್ಟು ಡಬಲ್ ಆಗಬಾರದಲ್ಲ. ಅತ್ತೆ ದಿನಕ್ಕೆ ಎರಡು ಸಲ ಗೋಡೆಯ ಹತ್ತಿರ ಹೋಗಿ ಮಾತ್ರೆ ಕೊಟ್ಟು, ಮೂಗಿಗೆ ಸೆರಗು ಹಿಡಿದು, ಮುಖ ಆ ಕಡೆ ತಿರುಗಿಸಿ, "ನುಂಗ್ತೇನು? ನುಂಗ್ತೇನು?" ಅಂತ ಕೇಳುತ್ತಾರೆ. ಆಮೇಲೆ ಕ್ಯಾಲೆಂಡರ್‌ನಲ್ಲಿ ಟಿಕ್. ಗ್ಯಾಸ್ ಸಿಲಿಂಡರ್ ಬಂದ ತಾರೀಖು ಈಗ ಆ ಟಿಕ್‌ಗಳ ಅಡಿಯಲ್ಲಿ ಕಾಣುವುದೇ ಇಲ್ಲ.

ಕೂಗು ಕಡಿಮೆಯಾಯಿತು. ಮೈ ಸ್ವಲ್ಪ ತುಂಬಿತು. ಥೈರಾಯ್ಡ್ ಜೋರಿದ್ದಾಗ ಕಿಡ್ನಿಗೆ ರಕ್ತ ಜಾಸ್ತಿ ಹರಿದು ಅದರ ತೊಂದರೆ ಮರೆಯಾಗಿರುತ್ತದಂತೆ, ಥೈರಾಯ್ಡ್ ಇಳಿದ ಮೇಲೆ ಅದು ಹೊರಬೀಳಬಹುದು. ಅದಕ್ಕೇ ಮತ್ತೆ ರಕ್ತ ತೋರಿಸಲು ಹೋದೆವು. ಈ ಸಲ ಅತ್ತೆಯೂ ಹೊಸ ಸೀರೆ ಉಟ್ಟು ಬಂದರು. ಸೋನಾಳದು ಮುಗಿಯುತ್ತಿದ್ದ ಹಾಗೆ ಮಡಚಿದ ಕಾಗದ ಒಂದನ್ನು ಮೇಜಿನ ಮೇಲಿಟ್ಟರು. ಅವರದೇ ರಿಪೋರ್ಟ್.

"ಅಮ್ಮಾ, ನಿಮ್ಮದು ನಾನು ನೋಡೋ ಹಾಗಿಲ್ಲ" ಅಂದರು ಡಾಕ್ಟರಮ್ಮ.

"ಯಾಕವ್ವ? ಆಕಿದು ನೋಡ್ದಿ, ನಾನೂ ಆಕಿ ವಾರಿಗೆಯಾಕಿನೇ. ನಮ್ಮ ಡಾಕ್ಟರ ಗಂಟಲಾ ಮುಟ್ಟಿ ಸುದ್ದ ನೋಡಾಂಗಿಲ್ಲ."

ಹಿಂದಿನಿಂದ ಒಬ್ಬರು ಕೂಗಿದರು, "ಅಕ್ಕಾರ, ಆ ಅಜ್ಜಿದು ಲಗೂನ ನೋಡಿ ಕಳಸ್ರಿ. ಹೊರಗ ನಮ್ಮ ಎಮ್ಮಿ ಬಿಸಿಲಾಗ ನಿಂತಾದ."