ಹಳೇ ಕನ್ಸೆಂಟು ರದ್ದಿಗೆ ಹಾಕಬೇಡಿ

ನಿನ್ನೆ ಸಂಜೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಶೆಟ್ರ ಹೋಟೆಲಲ್ಲಿ ಕೂತಿದ್ದೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ಗಣಪತಿ, ಕಟೀಲಮ್ಮ, ಪಕ್ಕದಲ್ಲೇ ಫ್ರೇಮ್ ಹಾಕಿಸಿದ ಎಫ್‌ಎಸ್‌ಎಸ್‌ಎಐ ಲೈಸೆನ್ಸು, ಅಂದರೆ ಆಹಾರ ಸುರಕ್ಷತೆಯ ಪರವಾನಗಿ. "ಇಡ್ಲಿ ಮಾರುವ ನಾನು ಗಿರಾಕಿಗಳಿಗೆ ಕಾಣುವ ಹಾಗೆ ಕಾಗದ ತೂಗು ಹಾಕ್ಬೇಕು. ನಿಮ್ಮ ಎಂಐಡಿಸಿಯವರ ಕಾಗದ ಎಲ್ಲುಂಟು ಮಾರಾಯ್ರೆ?" ಅಂತ ಕೇಳಿದರು. ಎಂಐಡಿಸಿ ಅಂದರೆ ಮಹಾರಾಷ್ಟ್ರ ಸರ್ಕಾರದ ಕೈಗಾರಿಕಾ ಪ್ರದೇಶ. ಡೈ, ಅಂದರೆ ಬಣ್ಣ ಮಾಡುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ 28 ವರ್ಷ ಕಳೆದವನು ನಾನು. ಚಾ ತಣಿಯುವಷ್ಟರಲ್ಲಿ ಹೇಳಿ ಮುಗಿಯುವ ಉತ್ತರ ಅಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕೊಳಕು ನೀರು ಹೊರಬಿಡುವ ಕಾರ್ಖಾನೆಗೆ 1974ರ ಜಲ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ನಮ್ಮ ಬಾಯಲ್ಲಿ ಅದು ‘ಕನ್ಸೆಂಟು’. ಮೊದಲ ಪುಟದಲ್ಲಿ ಹೆಸರು, ವಿಳಾಸ, ಅವಧಿ. ಅದನ್ನು ಯಾರು ಬೇಕಾದರೂ ತೋರಿಸುತ್ತಾರೆ. ತಿರುಳಿರುವುದು ಹಿಂದಿನ ಷರತ್ತುಗಳ ಹಾಳೆಯಲ್ಲಿ. ಎಷ್ಟು ಸಿಎಂಡಿ ನೀರು, ಅಂದರೆ ದಿನಕ್ಕೆ ಎಷ್ಟು ಘನ ಮೀಟರ್. ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ ಎಷ್ಟು; ಸಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯ ಒಂದು ಅಳತೆ ಎಷ್ಟು. ಹೋಗುವುದು ಎಲ್ಲರ ನೀರು ಒಟ್ಟು ಸೇರಿಸಿ ಶುದ್ಧ ಮಾಡುವ ಸಿಇಟಿಪಿಗೋ, ನೇರ ನಾಲಾಕ್ಕೋ. ಆ ಹಾಳೆ ಇಲ್ಲದಿದ್ದರೆ ಲ್ಯಾಬ್ ರಿಪೋರ್ಟಿಗೂ ತಲೆಬುಡ ಇಲ್ಲ. ಸಿಒಡಿ ಲೀಟರಿಗೆ 400 ಮಿಲಿಗ್ರಾಂ ಬಂತು ಅನ್ನಿ. ಹೊಳೆಗೆ ಬಿಡುವುದಾದರೆ ಸಾಮಾನ್ಯ ಮಿತಿ 250, ತಪ್ಪೇ ಸರಿ. ಸಿಇಟಿಪಿಗೆ ಹೋಗುವ ಪೈಪಾದರೆ ಮಿತಿಯೇ ಬೇರೆ.

ಈ ಷರತ್ತುಗಳಿಗೆ ಮಂಡಳಿ ರಿಜಿಸ್ಟರ್ ಇಡಲೇಬೇಕು ಅಂತ ಕಾಯ್ದೆಯ 25ನೇ ಕಲಂ ಹೇಳುತ್ತದೆ. ಆ ನೀರಿನಿಂದ ಬಾಧೆಪಟ್ಟವರು ಯಾರೇ ಆಗಲಿ, ಹೋಗಿ ನೋಡಬಹುದು. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಅದಕ್ಕೆಷ್ಟೋ ಮೊದಲೇ ಈ ಬಾಗಿಲು ತೆರೆದಿತ್ತು. ತಟ್ಟಿದವರು ಎಷ್ಟು ಜನ?

ಈ ಸಂಖ್ಯೆಗಳನ್ನು ಬರೆದ ಬೋರ್ಡು ಗೇಟಿನಲ್ಲಿ ಇಲ್ಲ ಅಂತಲ್ಲ. ನಮ್ಮ ಗೇಟಿನ ಬೋರ್ಡಿಗೆ ಪೇಂಟರನ ಕೈಗೆ ಸಂಖ್ಯೆ ಬರೆದುಕೊಟ್ಟವನು ನಾನೇ. ಏಣಿ ಹತ್ತಿ ಚಂದಕ್ಕೆ ಬರೆದ. ಆಮೇಲೆ ಷರತ್ತು ಬದಲಾಯಿತು, ಬೋರ್ಡು ಬದಲಾಗಲಿಲ್ಲ. ಪೇಂಟರ್ ಊರಿಗೆ ಹೋಗಿದ್ದಾನೆ ಅಂತ ಮೂರು ವರ್ಷ ದೂಡಿದೆವು. ದಿನಾ ಅದರ ಕೆಳಗೇ ಒಳಗೆ ಹೋಗುತ್ತಿದ್ದ ನಾನೂ ಬಾಯಿ ಬಿಡಲಿಲ್ಲ.

2005ರ ಜುಲೈ 26ರ ಮಳೆಗೆ ಆಫೀಸಿನ ಕಪಾಟಿಗೆ ನೀರು ನುಗ್ಗಿತು. ಮೂರು ದಿನ ಬಿಟ್ಟು ಫೈಲು ಬಿಡಿಸಿದರೆ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ, ಸಹಿಗಳು ನೀಲಿ ಕಲೆಯಾಗಿ, ಎತ್ತಿದರೆ ನೀರುದೋಸೆಯ ಹಾಗೆ ಹರಿಯುತ್ತಿದ್ದವು. ಚಾಲ್ತಿಯಲ್ಲಿದ್ದ ಕನ್ಸೆಂಟಿನ ನಕಲು ತರಿಸಿಕೊಂಡರು. ಹಳೆಯವನ್ನು ಮ್ಯಾನೇಜರು "ಅವಧಿ ಮುಗಿದದ್ದಲ್ವಾ" ಅಂತ ರದ್ದಿಗೆ ಹಾಕಿಸಿದರು.

ನನ್ನ ಜಗಳ ಇರುವುದು ಈ ಮಾತಿನ ಜೊತೆಗೆ. ನೆಲದೊಳಗಿನ ನೀರಿಗೆ ಅವಧಿಗಿವಧಿ ಗೊತ್ತಿಲ್ಲ. ಇವತ್ತು ಬಾವಿ ಕೆಟ್ಟರೆ ಕಾರಣ ಹದಿನೈದು ವರ್ಷದ ಹಿಂದೆ ಬಿಟ್ಟದ್ದಿರಬಹುದು. ಆಗ ಯಾರಿಗೆ ಎಷ್ಟು ಬಿಡಲು ಒಪ್ಪಿಗೆ ಇತ್ತು ಅಂತ ಆ ರದ್ದಿ ಹಾಳೆಯನ್ನೇ ಕೇಳಬೇಕು. ಅರ್ಜಿ ಬಂತು ಅಂತ ಮಂಡಳಿ ತಾರೀಕು ಸಮೇತ ಒತ್ತುವ ಇನ್‌ವರ್ಡ್ ಸ್ಟಾಂಪನ್ನೂ ಕಾಪಾಡಬೇಕು. ಪೂರ್ತಿ ಅರ್ಜಿ ಕೊಟ್ಟು ನಾಲ್ಕು ತಿಂಗಳಾದರೂ ಮಂಡಳಿ ಕೊಡುವುದೂ ಇಲ್ಲ, ತಿರಸ್ಕರಿಸುವುದೂ ಇಲ್ಲ ಅಂತಾದರೆ ಒಪ್ಪಿಗೆ ಸಿಕ್ಕಿದ ಲೆಕ್ಕವೇ, ಅದೂ ಷರತ್ತಿಲ್ಲದೆ! ಆ ತಾರೀಕು ಅಳಿಸಿತೋ, ಕೋರ್ಟಿನಲ್ಲಿ ವಕೀಲರಿಗೆ ಹಬ್ಬ.

ಈಗ ಎಲ್ಲ ಆನ್‌ಲೈನ್ ಉಂಟಲ್ಲ ಅನ್ನುತ್ತೀರಿ. ಒಳ್ಳೆಯದೇ. ಆದರೆ ಸ್ಕ್ಯಾನ್ ಮಾಡಿದ ಪಿಡಿಎಫ್ ರಾಶಿಗೆ ರಿಜಿಸ್ಟರ್ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಂಪನಿ ಹೆಸರು ಹಾಕಿ ಹುಡುಕಲು ಮೊದಲು ಹೆಸರು ಗೊತ್ತಿರಬೇಕು. ಕಂಪನಿ ಕೈಬದಲಾದರೆ ಹೆಸರೂ ಬದಲು. 2017ರ ಆಗಸ್ಟಿನಲ್ಲಿ ನವಿ ಮುಂಬೈ ಹತ್ತಿರದ ತಳೋಜಾ ಕೈಗಾರಿಕಾ ಪ್ರದೇಶದ ಬೀದಿನಾಯಿಗಳು ನೀಲಿಯಾಗಿ ಫೋಟೋ ಎಲ್ಲ ಕಡೆ ಓಡಾಡಿದಾಗ ಜನರ ಬಾಯಲ್ಲಿದ್ದದ್ದು ಕಂಪನಿಯ ಹೆಸರಲ್ಲ, ಅಲ್ಲಿ ಹರಿಯುವ ಕಾಸಾಡಿ ನದಿ. ನದಿಯ ಹೆಸರು ಒತ್ತಿದರೆ ಅದಕ್ಕೆ ಬೀಳುವ ಒಂದೊಂದು ಪೈಪು, ಅದರ ಹಳೆ ಹೊಸ ಷರತ್ತು ಸಾಲಾಗಿ ಬರಬೇಕು. ವ್ಯಾಪಾರದ ಗುಟ್ಟು ಹೊರಬೀಳುತ್ತದೆ ಅಂತ ನನ್ನ ಹಳೇ ಸಹೋದ್ಯೋಗಿಗಳು ಕೊಸರಾಡುತ್ತಾರೆ. ಶೆಟ್ರ ಸಾಂಬಾರಿನ ಮಸಾಲೆ ಗುಟ್ಟಾಗಿಯೇ ಇರಲಿ ಸ್ವಾಮಿ, ಪಾತ್ರೆ ತೊಳೆದ ನೀರು ಯಾರ ಅಂಗಳಕ್ಕೆ ಹೋಗುತ್ತದೆ ಅಂತ ಕೇಳಿದರೆ ಮಸಾಲೆ ಕೇಳಿದ ಹಾಗಾಯಿತೇ?

ಬರುವ ವಾರ ನಮ್ಮ ಬಿಲ್ಡಿಂಗಿನ ಹಿಂದಿನ ನಾಲಾದ ರಿಜಿಸ್ಟರ್ ತೋರಿಸಿ ಅಂತ ಅರ್ಜಿ ಹಾಕುತ್ತಿದ್ದೇನೆ. ಕಂಪನಿಯ ಹೆಸರು ಒಂದೂ ಬರೆಯುವುದಿಲ್ಲ, ನಾಲಾದ ಹೆಸರು ಮಾತ್ರ. ಜೊತೆಗೆ ಬರುವವರು ಇನ್‌ಬಾಕ್ಸಿಗೆ ಬನ್ನಿ. "ಇನ್‌ವರ್ಡ್ ಸ್ಟಾಂಪ್ ಹಾಕಿಸ್ಕೊಂಡು ಬನ್ನಿ, ಫ್ರೇಮ್ ನಾನು ಹಾಕಿಸ್ತೇನೆ" ಅಂದಿದ್ದಾರೆ ಶೆಟ್ರು.